ಒಂದು ಫೋನು, ಓಣಿ ತುಂಬ ಬೆರಳು

ತ್ಯಾವಣಿಗೆ ಕಡೆಯ ನಮ್ಮೂರಿನ ಪಂಚಾಯ್ತಿ ಮೆಂಬರ್, ಯಾರು ಏನೇ ದೂರು ಹೇಳಿದರೂ ಎದೆಜೇಬು ಮುಟ್ಟಿಕೊಂಡು, "ಗ್ರೂಪಿಗೆ ಹಾಕ್ತೀನಿ ರೀ, ಜನ ಹೇಳ್ಲಿ" ಅನ್ನುತ್ತಿದ್ದರು. ವಾಟ್ಸಾಪಿನಲ್ಲಿ ವೋಟು ಬೀಳದೆ ಬೀದಿದೀಪದ ಬಲ್ಬನ್ನೂ ಬದಲಿಸುತ್ತಿರಲಿಲ್ಲ.

ಹೊಸ ನಲ್ಲಿ ಬಸ್‌ಸ್ಟ್ಯಾಂಡಿಗೋ, ಹಿಂದಿನ ಓಣಿಗೋ ಎಂದು ಗ್ರೂಪಿನಲ್ಲಿ ಕೇಳಿದಾಗ, ಆ ಓಣಿಯಲ್ಲಿ ಗಾದಿ ಹೊಲಿಯುವ ಅಜ್ಜಿ ಅವರ ಮನೆಗೇ ಬಂದಳು.

"ನಮ್ಮತ್ರ ಅಂಥ ಫೋನಿಲ್ಲಪ್ಪಾ. ನಾವು ವೋಟು ಹಾಕೋದು ಹೆಂಗೆ?"

ಮೆಂಬರ್ ತಮ್ಮ ಫೋನನ್ನೇ ಮಂಗಳಾರತಿ ತಟ್ಟೆಯಂತೆ ಹಿಡಿದು ಓಣಿಯ ಮನೆಮನೆಗೂ ಹೋದರು. ಹೆಂಗಸರೆಲ್ಲ 'ಹಿಂದಿನ ಓಣಿ' ಒತ್ತಿ, ಅವರ ಹಿಂದೆಯೇ ಬಂದರು. ಒಂದು ಫೋನಿಗೆ ಒಂದೇ ವೋಟು, ಅದನ್ನೇ ಮತ್ತೊಮ್ಮೆ ಒತ್ತಿದರೆ ಹಾಕಿದ ವೋಟೂ ಅಳಿಯುತ್ತದೆ ಎಂಬುದು ಮೆಂಬರಿಗೂ ತಿಳಿದಿರಲಿಲ್ಲ. ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ಅಳಿಸುತ್ತಾ ಹೋಗಿ, ಕೊನೆಗೆ ಉಳಿದದ್ದು ಸೊನ್ನೆ.

"ಇಷ್ಟು ಜನ ಒತ್ತಿದ್ರೂ ಸೊನ್ನೆ ಐತಲ್ಲ!" ಎಂದು ಫೋನನ್ನು ಕೊಡವಿದರು.

"ಇಷ್ಟು ಜನ ನಿನ್ನ ಮುಂದೇ ನಿಂತೀವಲ್ಲಪ್ಪಾ, ಅದನ್ಯಾಕೆ ನೋಡ್ತೀಯ?" ಎಂದಳು ಅಜ್ಜಿ.

ಮೆಂಬರ್ ತಲೆಯೆತ್ತಿದರು. ಮರುದಿನವೇ ಸಭೆ ಕರೆದು ಕೈ ಎತ್ತಿಸಿದರು. ನಲ್ಲಿ ಓಣಿಗೇ ಬಂತು.

ಮೊದಲ ಕೊಡ ತುಂಬುವಷ್ಟರಲ್ಲಿ ಗ್ರೂಪಿನಲ್ಲಿ ಅವರ ಪ್ರಶ್ನೆ: "ನೀರು ಸಿಹಿ ಐತಾ? ಒತ್ರಿ."

ಉತ್ತರ ಗೊತ್ತಿದ್ದವರೆಲ್ಲ ಕೊಡ ಹೊತ್ತು ಮನೆಗೆ ಹೋಗುತ್ತಿದ್ದರು.