ಅರ್ಧ ಕೇಳಿದ ರೋಮಿನ ಪಾಠ

ಮಕ್ಕಳೇ, ನಿಮ್ಮ ಅಮ್ಮ ಒಂಬತ್ತನೇ ಕ್ಲಾಸಿನಲ್ಲಿದ್ದಾಗ ನಾವು ಬಹರೈನಿನ ಜಿಂಜ್‌ನಲ್ಲಿ ಎರಡು ಕೋಣೆಯ ಫ್ಲ್ಯಾಟಿನಲ್ಲಿದ್ದೆವು. ಅವಳ ಪುಸ್ತಕವೆಲ್ಲ ಇಂಗ್ಲಿಷು. ನಾನು ಊರಿನ ಶಾಲೆಯಲ್ಲಿ ಏಳನೆಯ ತನಕ ಕನ್ನಡದಲ್ಲಿ ಓದಿದವಳು. ಆದರೂ ಪರೀಕ್ಷೆಗೆ ಮೊದಲು ಅವಳು ಪಾಠ ಒಪ್ಪಿಸುವುದು ನನಗೇ. ನಾನು ಅಡುಗೆ ಮಾಡುತ್ತಾ ಕೇಳುವುದು, ಅವಳು ಬಾಗಿಲಿಗೆ ಒರಗಿ ನಮ್ಮ ಭಾಷೆಯಲ್ಲಿ ಹೇಳುವುದು. ನನಗೆ ತಿಳಿದರೆ ಅವಳಿಗೂ ತಿಳಿದಿದೆ ಎಂದು ನಮ್ಮ ನಂಬಿಕೆ.

ಆ ಶುಕ್ರವಾರ, ರಜೆಯ ದಿನ, ಬೆಳಿಗ್ಗೆ ರೋಮಿನ ಪಾಠ. ರೋಮಿನವರು ಸುತ್ತಲಿನ ಊರುಗಳನ್ನು ಒಂದೊಂದಾಗಿ ಗೆಲ್ಲುತ್ತಾ ಹೋದರಂತೆ. ಯುದ್ಧಕ್ಕೆ ಹೋಗುವವರಲ್ಲಿ ಹೆಚ್ಚಿನವರು ಸಾಮಾನ್ಯ ರೈತರು. ಅವರು ದೂರದಲ್ಲಿ ಹೋರಾಡುವಾಗ ಊರಿನಲ್ಲಿ ಗದ್ದೆ ಬಿತ್ತುವವರಿಲ್ಲದೆ ಹಡೀಲು. ತಿರುಗಿ ಬಂದರೆ ಸಾಲ. ತೀರಿಸಲಾಗದವನು ಸಿರಿವಂತನ ಮನೆಯ ಆಳು. ಗೆದ್ದ ಭೂಮಿ ಮಾತ್ರ ದೊಡ್ಡ ಮನೆತನಗಳಿಗೆ. ಕೊನೆಗೆ ಆ ಸೈನಿಕರೆಲ್ಲ ಪಟ್ಟಣ ಬಿಟ್ಟು ಒಂದು ಗುಡ್ಡ ಹತ್ತಿ ಕುಳಿತರಂತೆ.

“ಹೊಡೆದಾಟ ಆಯ್ತಾ?” ಎಂದು ಕೇಳಿದೆ.

“ಇಲ್ಲಮ್ಮ, ಸುಮ್ಮನೆ ಕೂತದ್ದು. ಅದಕ್ಕೇ ಪಟ್ಟಣದವರಿಗೆ ಹೆದರಿಕೆ. ಇನ್ನು ಯುದ್ಧ ಮಾಡುವುದು ಯಾರು?”

ಆಗ ದೊಡ್ಡವರು ಒಬ್ಬ ಮಾತುಗಾರನನ್ನು ಕಳಿಸಿದರು. ಅವನು ಹೇಳಿದ ಕತೆಯಲ್ಲಿ ಕೈ, ಬಾಯಿ, ಹಲ್ಲು ಎಲ್ಲ ಸೇರಿ ಹೊಟ್ಟೆಯ ಮೇಲೆ ಸಿಟ್ಟು ಮಾಡಿಕೊಂಡು ಅದಕ್ಕೆ ಅನ್ನ ಕೊಡುವುದನ್ನು ಬಿಡುತ್ತವೆ. ಹೊಟ್ಟೆಯ ಜೊತೆ ತಾವೂ ಸೊರಗುತ್ತವೆ. ಅಷ್ಟರಲ್ಲಿ ಕುಚ್ಚಲಕ್ಕಿ ಬಸಿಯುವ ಹೊತ್ತಾಯಿತು. ಬಟ್ಟೆ ಹಿಡಿದು ಪಾತ್ರೆ ಬಗ್ಗಿಸಿದೆ. ಮುಖಕ್ಕೆಲ್ಲ ಹಬೆ. ಹಿಂದಿನಿಂದ ಅವಳು ಏನೋ ಹೇಳುತ್ತಲೇ ಇದ್ದಳು. ನಾನು ತಿರುಗುವಾಗ, “ಆಮೇಲೆ ಅವರು ಗುಡ್ಡ ಇಳಿದರು, ಮುಗೀತು” ಎಂದು ಪುಸ್ತಕ ಮುಚ್ಚಿದಳು. ನಡುವಿನದ್ದನ್ನು ನಾನು ಕೇಳಲಿಲ್ಲ.

ನಿಮ್ಮ ಅಜ್ಜ ಸೀಫ್‌ನಲ್ಲಿ ಕಟ್ಟಡ ಕಟ್ಟುತ್ತಿದ್ದ ಕಂಪನಿಯೊಂದರಲ್ಲಿ ಟೈಮ್‌ಕೀಪರ್. ಕೆಲಸಗಾರರ ಹಾಜರಿ ಬರೆಯುವುದು ಅವರ ಕೆಲಸ. ಹಿಂದಿನ ದಿನ, ಅವರೆಲ್ಲ ಉಳಿಯುವ ಕ್ಯಾಂಪಿನಲ್ಲಿ ಒಬ್ಬರೂ ಕೆಲಸದ ಬಸ್ಸು ಹತ್ತಿರಲಿಲ್ಲ. ನಸುಕಿಗೇ ಕಟ್ಟಿಕೊಡುವ ಅನ್ನ ಆ ಸೆಕೆಗೆ ಮಧ್ಯಾಹ್ನಕ್ಕೆ ಹಳಸುತ್ತಿತ್ತು. ಬಿಸಿ ಊಟ ಕಳಿಸಿ ಎನ್ನುವುದೊಂದೇ ಅವರ ಬೇಡಿಕೆ. ಅವರ ಪರವಾಗಿ ಮಾತನಾಡಿದವನು ನಮ್ಮೂರ ಕಡೆಯ ಒಬ್ಬ ಬಡಗಿ. ನನ್ನನ್ನು ಅಕ್ಕ ಎನ್ನುತ್ತಿದ್ದ, ಎಷ್ಟೋ ಶುಕ್ರವಾರ ನಮ್ಮಲ್ಲೇ ಊಟ ಮಾಡಿದವನು. ಊರಲ್ಲಿ ಇಬ್ಬರು ತಂಗಿಯಂದಿರ ಮದುವೆ ಅವನ ಕೈಯಲ್ಲೇ ಆಗಬೇಕಿತ್ತು.

“ನಿಮ್ಮ ಜನ ತಾನೇ, ನೀವೇ ಸರಿ ಮಾಡಿ” ಎಂದು ಮ್ಯಾನೇಜರು ಅಜ್ಜನಿಗೆ ಹೇಳಿದ್ದರು. ಶನಿವಾರ ಬಸ್ಸು ತುಂಬದಿದ್ದರೆ ಅಜ್ಜನ ಕೆಲಸಕ್ಕೂ ಕುತ್ತು. ಮಧ್ಯಾಹ್ನ ಅವರು ಅನ್ನ ಕಲಸುತ್ತಾ ಕುಳಿತರೇ ಹೊರತು ತಿನ್ನಲಿಲ್ಲ. ನಾನು ಬಡಿಸುವಾಗ ಮಾತನಾಡುವವಳಲ್ಲ. ಆ ದಿನ ಯಾಕೋ ಬಾಯಿ ಬಂತು. ಗುಡ್ಡದ ಕತೆಯನ್ನೂ ಹೊಟ್ಟೆಯ ಕತೆಯನ್ನೂ ಹೇಳಿಬಿಟ್ಟೆ.

“ಇಳಿದರಾ ಅವರು?”

“ಇಳಿದರಂತೆ.”

“ನಿನಗೆ ಇದೆಲ್ಲ ಎಲ್ಲಿಂದ ಬಂತು ಮಾರಾಯ್ತಿ!” ಎಂದು ನಕ್ಕರು. ಎರಡು ದಿನಕ್ಕೆ ಅದೇ ಮೊದಲ ನಗು. ನಾನು ಒಳಗೊಳಗೇ ಉಬ್ಬಿಹೋದೆ.

ಸಂಜೆ ಅವರು ಕ್ಯಾಂಪಿಗೆ ಹೋಗಿ ಅದೇ ಕತೆ ಹೇಳಿದರು. ಮನೆಯವನಂಥ ಮನುಷ್ಯ ಹೇಳಿದ್ದೆಂದು ಕೆಲಸಗಾರರು ಒಪ್ಪಿದರು. ಶನಿವಾರ ಬಸ್ಸು ತುಂಬಿತು. ಊಟ ಮಾತ್ರ ಬದಲಾಗಲಿಲ್ಲ. ಮರುವಾರ ಬಡಗಿಯನ್ನೂ ಇನ್ನಿಬ್ಬರನ್ನೂ ಆಫೀಸಿಗೆ ಕರೆದು ವೀಸಾ ಕ್ಯಾನ್ಸಲ್ ಮಾಡಿ ಕೈಗೆ ಊರಿನ ಟಿಕೆಟು ಕೊಟ್ಟರು.

ಅದೇ ದಿನ ಮಗಳು ಉತ್ತರಪತ್ರಿಕೆ ತಂದಳು. ಎಲ್ಲ ಸರಿಯಾಗಿತ್ತು. ನಾನು ಸುಮ್ಮನೆ ಕೇಳಿದೆ, “ಆ ಗುಡ್ಡದವರು ಕತೆ ಕೇಳಿ ಇಳಿದದ್ದಲ್ವಾ?”

“ಬರೀ ಕತೆಗೆ ಯಾರು ಇಳಿತಾರಮ್ಮ? ನಮ್ಮ ಪರ ಮಾತಾಡಲು ನಮ್ಮವರನ್ನೇ ಅಧಿಕಾರಿಗಳಾಗಿ ಆರಿಸ್ತೇವೆ, ಅವರ ಮೈ ಯಾರೂ ಮುಟ್ಟಬಾರದು ಅಂತ ಒಪ್ಪಿಸಿಕೊಂಡು ಇಳಿದದ್ದು. ಹೇಳಿದ್ದೆನಲ್ಲ, ನೀನು ಅನ್ನ ಬಸಿಯುತ್ತಿದ್ದೆ.”



ಹೊರಡುವ ದಿನ ಬಡಗಿ ಹೇಳಿಹೋಗಲು ಬಂದ. ಅಜ್ಜ ಸೋಫಾದಲ್ಲಿದ್ದರು. ಅವನು ಕೂರಲಿಲ್ಲ. “ಒಳ್ಳೆ ಕತೆ ಹೇಳಿದ್ರಿ ಭಾವ. ನಾವು ಕೈಕಾಲು, ಅವರು ಹೊಟ್ಟೆ. ಕೈ ಕಡಿದರೂ ಹೊಟ್ಟೆಗೆ ನೋವಾಗ್ಲಿಲ್ಲ ನೋಡಿ” ಎಂದ. ಅಜ್ಜ ತಲೆ ತಗ್ಗಿಸಿದರು. ಕತೆ ನನ್ನದೆಂದು ಅವರು ಹೇಳಲಿಲ್ಲ.

ಗಂಡಸರ ಮಾತಿನ ನಡುವೆ ನಾನು ಅಡುಗೆಮನೆಯಿಂದ ಹೊರಗೆ ಬಂದದ್ದು ಅದೇ ಮೊದಲು. “ಕತೆ ಅವರದ್ದಲ್ಲ ತಮ್ಮ, ನಾನು ಹೇಳಿಕೊಟ್ಟದ್ದು. ಅದೂ ಅರ್ಧ” ಎಂದೆ. ಉಳಿದರ್ಧವನ್ನು ತಡವರಿಸಿಕೊಂಡು ಹೇಳಿದೆ.

ಅವನು ಮಗಳ ಕಡೆ ತಿರುಗಿದ. “ಪುಸ್ತಕದಲ್ಲೇ ಉಂಟಾ ಮಗಾ? ಅವರ ಮೈ ಯಾರೂ ಮುಟ್ಟುವ ಹಾಗಿಲ್ಲ ಅಂತ?”

“ಉಂಟು ಮಾಮ.”

“ಶುಕ್ರವಾರವೇ ಗೊತ್ತಿದ್ದಿದ್ರೆ ಬಸ್ಸು ಹತ್ತುವ ಮೊದಲು ನಾವೂ ಅದನ್ನು ಕೇಳ್ತಿದ್ವು” ಎಂದ. ಸಿಟ್ಟಿನಿಂದಲ್ಲ, ಅಷ್ಟೇ ಹೇಳಿ ಬ್ಯಾಗು ಎತ್ತಿಕೊಂಡ. “ಬರ್ತೇನೆ ಭಾವ.”

ಹೊರಡುವವರು ಹಾಗೆ ಹೇಳಿದರೆ ಮನೆಯವರು “ಆಯ್ತು, ಬಾ” ಎನ್ನಬೇಕು, ತಿರುಗಿ ಬರಲಿ ಎಂದು. ನಿಮ್ಮ ಅಜ್ಜ ಬಾಯಿ ತೆರೆದರು, ಸ್ವರ ಬರಲಿಲ್ಲ. ನನಗೂ ಬರಲಿಲ್ಲ. ಅವನು ಸ್ವಲ್ಪ ಹೊತ್ತು ಬಾಗಿಲಲ್ಲಿ ಕಾದು, ಮೆಟ್ಟಿಲಿಳಿದು ಹೋದ.