ಬಾಗಿಲಿಗಿಂತ ದೊಡ್ಡ ರೈಲು

ಬೀದಿಯವರೆಲ್ಲ ಅವರನ್ನು ಸ್ಟೇಷನ್ ಮಾಸ್ತರು ಎಂದೇ ಕರೆಯುತ್ತಿದ್ದರು. ಅಸಲಿಗೆ ಅವರು ದರ್ಜಿ. ಮಹಡಿಯ ಮೇಲಿನ ಬಾಡಿಗೆ ಮನೆಯ ಹಿಂದಿನ ಕೋಣೆಯಲ್ಲಿ, ಹೊಲಿಗೆ ಮುಗಿಸಿ ಉಳಿದ ಹೊತ್ತನ್ನೆಲ್ಲ ಸುರಿದು, ಒಂದು ಪುಟಾಣಿ ರೈಲುದಾರಿ ಕಟ್ಟಿದ್ದರು. ಹಲಗೆಯ ಮೇಲೆ ಊರು, ಊರಿಗೊಂದು ನಿಲ್ದಾಣ, ಸೇತುವೆ, ಗುಡ್ಡ, ಗುಡ್ಡದೊಳಗೆ ಸುರಂಗ. ಸ್ವಿಚ್ಚು ಹಾಕಿದರೆ ಅಂಗೈಯುದ್ದದ ಎಂಜಿನ್ನು ಬೋಗಿಗಳನ್ನು ಎಳೆದುಕೊಂಡು ಸುತ್ತು ಹಾಕಿ ಬರುತ್ತಿತ್ತು.

ಮುಂದೊಂದು ದಿನ ಬಿಚ್ಚಬೇಕಾದೀತೆಂದು ಪ್ರತಿ ಹೊಲಿಗೆಯೊಳಗೂ ಒಂದಿಷ್ಟು ಬಟ್ಟೆ ಮಡಿಸಿ ಬಿಡುವ ಮನುಷ್ಯ, ರೈಲಿನ ವಿಷಯದಲ್ಲಿ ಮಾತ್ರ ಎಡವಿದ್ದರು. ಹಲಗೆಗಳನ್ನು ಒಂದೊಂದಾಗಿ ತಂದು ಅಲ್ಲೇ ಜೋಡಿಸುತ್ತ ಹೋಗಿದ್ದರಿಂದ, ಅದು ಬಾಗಿಲಿಗಿಂತ ದೊಡ್ಡದಾಗಿ ಬೆಳೆದದ್ದು ಅವರ ಗಮನಕ್ಕೇ ಬಂದಿರಲಿಲ್ಲ. ಗುಡ್ಡವಂತೂ ಹಿಂದಿನ ಗೋಡೆಗೆ ಗಟ್ಟಿಯಾಗಿ ಅಂಟಿ ಕೂತಿತ್ತು.

ಈಗ ಹೆಂಡತಿಯ ಮಂಡಿ ಮೆಟ್ಟಿಲು ಹತ್ತಲಾರೆನೆಂದು ಹಟ ಹಿಡಿದಿತ್ತು. ನೆಲಮಟ್ಟದಲ್ಲೊಂದು ಮನೆ ಸಿಕ್ಕಿತು, ಚಿಕ್ಕದು. ಸಾಮಾನು ಸಾಗಿಸಲು ಆಕೆಯ ತಮ್ಮ, ಟೆಂಪೊ ಓಡಿಸುವವನು, ಬೆಳಿಗ್ಗೆಯೇ ಗರಗಸ ಹಿಡಿದು ಬಂದ.

“ಏನ್ ಭಾವ, ನಿಮ್ಮ ರೈಲು ನನ್ನ ಟೆಂಪೊದಲ್ಲಿ ಹೋಗ್ಬೇಕಾ? ಎಂಥಾ ಕಾಲ ಬಂತಪ್ಪ ರೈಲಿಗೆ!”

“ಗರಗಸ ಹೊರಗಿಟ್ಟು ಬಾ. ಹಿಂದೊಂದ್ಸಲ ನೀನು ಬಂದುಹೋದ ಮೇಲೆ ಕೊನೇ ಬೋಗಿ ಮಾಯ ಆಗಿತ್ತು, ನೆನಪಿದೆ ತಾನೆ?”

“ಅಯ್ಯೋ, ಇನ್ನೂ ಅದೇ ರಾಗಾನಾ? ನಾನು ತಗೊಂಡಿಲ್ಲ ಅಂತ ಎಷ್ಟು ಸಲ ಬಾಯಿ ಬಡ್ಕೊಳ್ಳಲಿ?”

ಪಾತ್ರೆ ಕಟ್ಟುತ್ತಿದ್ದ ಹೆಂಡತಿ ಬಾಗಿಲಿಗೆ ಬಂದು ನಿಂತರು. “ರೀ, ಇಲ್ಲೇ ಇದ್ದುಬಿಡೋಣ. ಮೆಟ್ಟಿಲು ಹೇಗೋ ನಿಧಾನಕ್ಕೆ ಹತ್ಕೋತೀನಿ. ನನ್ನ ಮಂಡಿಗೋಸ್ಕರ ನಿಮ್ಮ ರೈಲು ಹಾಳಾಗೋದು ಬೇಡ.”

“ಹಾಳಾಗುತ್ತೆ ಅಂತ ಯಾರಂದ್ರು? ನೀನೂ ಇಳೀತೀಯ, ರೈಲೂ ಇಳಿಯುತ್ತೆ. ಇವತ್ತು ಸಂಜೆ ಆ ಮನೇಲಿ ಓಡಿಸ್ತೀನಿ, ನೋಡ್ತಿರು.”

ಅಂದವರೇ ಅಂಗಿಯ ತೋಳು ಮಡಚಿದರು. ಮನೆ, ಮರ, ಸಿಗ್ನಲ್ ಕಂಬಗಳು ಗುಂಡಿಯ ಡಬ್ಬಗಳನ್ನು ಸೇರಿದವು. ಎಂಜಿನ್ನಿಗೆ ಕೋಟಿನ ಒಳಬಟ್ಟೆಯ ಹೊದಿಕೆಯಾಯಿತು. ಆಮೇಲೆ ಗುರುತು ಹಾಕುವ ಸೀಮೆಸುಣ್ಣ ಹಿಡಿದು, ಗಿರಾಕಿಯ ಅಳತೆ ತೆಗೆಯುವಂತೆ ಹಲಗೆಯ ಮುಂದೆ ಅತ್ತಿತ್ತ ಓಡಾಡಿ, ಹಳಿ ನೆಟ್ಟಗಿರುವ ಕಡೆ ಮಾತ್ರ ಬಿಡಿಸುವ ಗೆರೆ ಎಳೆದರು. ತಿರುವಿನಲ್ಲಿ ಬಿಡಿಸಿದರೆ ಅಂಗಿಯನ್ನು ಕಂಕುಳಲ್ಲಿ ಕತ್ತರಿಸಿದ ಹಾಗೆ, ಮತ್ತೆಂದೂ ಸರಿಯಾಗಿ ಕೂರದು ಎಂಬುದು ಅವರ ಲೆಕ್ಕ.

ಟಾರ್ಚು ಹಿಡಿದು ಹಲಗೆಯ ಕೆಳಗೆ ನುಸುಳಿದ್ದ ಭಾವಮೈದುನ ಕೂಗಿದ: “ಇಲ್ಲಿ ವೈರೆಲ್ಲ ಸುರುಳಿ ಸುರುಳಿ ಇದೆ ಭಾವ, ದಾರ ಬೇರೆ ಕಟ್ಟಿದ್ದೀರಿ. ಕತ್ತರಿಸ್ಲಾ?”

“ಕತ್ತರಿಸೀಯ, ಜೋಕೆ! ದಾರ ಬಿಚ್ಚು, ಉದ್ದ ಬರುತ್ತೆ.”

ಬಂತು. ತಲೆ ಮರೆತರೂ ಕೈ ತನ್ನ ಅಭ್ಯಾಸ ಬಿಟ್ಟಿರಲಿಲ್ಲ. ಬಟ್ಟೆಯಲ್ಲಿ ಬಿಡುವಂತೆ ವೈರಿನಲ್ಲೂ ಬಿಟ್ಟಿತ್ತು. ತುದಿಗಳನ್ನು ಈಚೆಗೆಳೆದು, ಒಂದನ್ನೂ ಕತ್ತರಿಸದೆ ಬಿಚ್ಚಿ, ಹಲಗೆಗಳನ್ನು ಒಂದೊಂದಾಗಿ ಬೇರೆ ಮಾಡಿದರು.

ಕೊನೆಗೆ ಉಳಿದದ್ದು ಗುಡ್ಡ. ಅದನ್ನು ಮಾಡಿದವರು ಹೆಂಡತಿ. ಅಂಗಡಿಯ ಬಟ್ಟೆಚೂರುಗಳನ್ನು ಪ್ಲಾಸ್ಟರಿನಲ್ಲಿ ಅದ್ದಿ, ತಂತಿಬಲೆಯ ಮೇಲೆ ಪದರ ಪದರವಾಗಿ ಹೊದಿಸಿದ್ದರು. ನೆತ್ತಿಯಲ್ಲಿ ಆಕೆಯ ಅಂಗೈ ಗುರುತು ಇನ್ನೂ ಹಾಗೇ ಇತ್ತು. ದರ್ಜಿ ಗೋಡೆಗೂ ಗುಡ್ಡಕ್ಕೂ ನಡುವೆ ತೆಳ್ಳನೆಯ ಚಾಕು ತೂರಿಸಿ ಮೆಲ್ಲಗೆ ಮೀಟಿದರು. ಚಟ್ಟೆಂದು ಬಿರುಕು ಬಿಟ್ಟಿತು. ಬೆಳಗಿನಿಂದ ನಿಲ್ಲದ ಕೈ ನಿಂತುಬಿಟ್ಟಿತು.

“ಇದನ್ನ ಒಡೆಯೋಕೆ ನನ್ನ ಕೈಲಾಗಲ್ಲ ಕಣೋ,” ಎಂದರು.

ಹೆಂಡತಿ ಕುಂಟುತ್ತ ಒಳಗೆ ಬಂದರು. “ಸರೀರಿ ಆಚೆ. ಗುಡ್ಡ ಮಾಡಿದ್ದು ಯಾರು?”

“ನೀನೇ.”

“ಇನ್ನೊಂದು ಮಾಡ್ತೀನಿ. ಮಂಡಿನೋವು ಕೈಗೇನೂ ಹತ್ತಿಲ್ಲ. ಕೊಡಿ ಆ ಸುತ್ತಿಗೆ.”

ಮೊದಲ ಏಟು ಅಂಗೈ ಗುರುತಿನ ಮೇಲೇ ಬಿತ್ತು. ಪ್ಲಾಸ್ಟರು ಉದುರಿ ಬಟ್ಟೆಗಳು ಇಣುಕಿದವು: ಶಾಲೆಯ ಸಮವಸ್ತ್ರದ ನೀಲಿ, ಬ್ಯಾಂಡಿನವರ ಕೋಟಿನ ಕೆಂಪು ಮಖಮಲ್ಲು, ಯಾರದೋ ಪರದೆಯ ಹೂವು.

“ಇದು ಆ ಡೊಳ್ಳುಹೊಟ್ಟೆ ಕಂಟ್ರಾಕ್ಟರ್ ಪ್ಯಾಂಟಲ್ವೇನ್ರೀ?”

“ಅವನದೇ. ಅರ್ಧ ಗುಡ್ಡ ಅವನೊಬ್ಬನಿಂದಲೇ ಎದ್ದಿದ್ದು.”

ನಗುತ್ತ ನಗುತ್ತಲೇ ಇಬ್ಬರೂ ಸೇರಿ ಗುಡ್ಡ ಕೆಡವಿದರು. ಗೋಡೆಯ ಮಗ್ಗುಲಿನ ಟೊಳ್ಳಿನಲ್ಲಿ, ಸುರಂಗದೊಳಗೆ ಹಳಿ ತಪ್ಪಿ ಉರುಳಿದ್ದ ಕೊನೆಯ ಬೋಗಿ ಧೂಳು ಮೆತ್ತಿಕೊಂಡು ಮಲಗಿತ್ತು.

“ಅಕ್ಕಾ, ನೋಡೇ ಇಲ್ಲಿ!” ಭಾವಮೈದುನ ಕುಣಿದೇಬಿಟ್ಟ. “ನುಂಗಿದ್ದು ನೀನು ಮಾಡಿದ ಗುಡ್ಡ, ಬೈಸಿಕೊಂಡಿದ್ದು ನಾನು!”

“ತಪ್ಪಾಯ್ತಪ್ಪ,” ಎಂದರು ದರ್ಜಿ. “ಇನ್ಮೇಲೆ ಈ ಬೋಗಿಗೆ ನೀನೇ ಗಾರ್ಡು. ಹಲಗೆ ಎತ್ತು ಈಗ.”

ಸಂಜೆ ಹೊಸ ಮನೆಯಲ್ಲಿ ಗಂಟುಮೂಟೆಗಳ ನಡುವೆ ಇಡೀ ರೈಲುದಾರಿಗೆ ಜಾಗವಿರಲಿಲ್ಲ. ದರ್ಜಿ ಎದೆಗುಂದಲಿಲ್ಲ. ನಡುವಿನ ಹಲಗೆಗಳನ್ನು ಗೋಡೆಗೊರಗಿಸಿ, ತಿರುವುಗಳಿದ್ದ ಎರಡು ತುದಿಗಳನ್ನೇ ಒಂದಕ್ಕೊಂದು ಕೂಡಿಸಿದರು, ಅಪ್ಪನ ಕೋಟನ್ನು ಮಗನ ಮೈಗೆ ಹೊಂದಿಸಿದ ಹಾಗೆ. ನೆಟ್ಟಗಿರುವಲ್ಲೇ ಬಿಡಿಸಿದ್ದ ಹಳಿಗಳು ಒಂದರ ಬಾಯಿಗೆ ಇನ್ನೊಂದು ಸರಿಯಾಗಿ ಬಂದು ಕೂತವು. ಸ್ವಿಚ್ಚು ಹಾಕಿದರು. ರೈಲು ಹೊರಟಿತು, ಚಕ್ರ ಸೊಟ್ಟಗಾಗಿದ್ದ ಕೊನೆಯ ಬೋಗಿ ಹಿಂದಿನಿಂದ ಕುಲುಕುತ್ತ ಬಂತು, ಆದರೆ ಹಳಿ ಬಿಡಲಿಲ್ಲ.

“ನನ್ನ ಥರಾನೇ ಕುಂಟುತ್ತೆ ಪಾಪ,” ಎಂದರು ಹಾಸಿಗೆ ಸುರುಳಿಯ ಮೇಲೆ ಕಾಲು ನೀಡಿ ಕೂತಿದ್ದ ಹೆಂಡತಿ. “ಗುಡ್ಡ ಎಲ್ಲಿ ಬರ್ಬೇಕು, ಗುರುತು ಹಾಕ್ಕೊಡಿ. ನಾಳೆನೇ ಶುರು ಮಾಡ್ತೀನಿ.”

ದರ್ಜಿ ಕಿಸೆಯಿಂದ ಸೀಮೆಸುಣ್ಣ ತೆಗೆದರು. ಗೋಡೆಗೆ ಅಂಗೈ ಆನಿಸಿ, ಈ ಸಲ ಗುಡ್ಡ ಅಂಟದಿರಲೆಂದು ಅಷ್ಟು ಜಾಗ ಬಿಟ್ಟು, ಅದರೀಚೆಗೆ ಹಲಗೆಯ ಮೇಲೆ ಗೆರೆ ಎಳೆದರು.