ಡಾಕ್ಟರ್ ಟ್ವೀಡ್ ಅವರ ಬಾಯಿ

ವಿಸ್ಕಾನ್ಸಿನ್ ನದಿಯ ದಡದ ಆ ಕಾಗದ ಗಿರಣಿಯ ಊರಲ್ಲಿ ಆರ್ಫಾ ಹಾಲ್ವರ್ಸನ್ ಕೈಯಲ್ಲಿ ಭಾವಚಿತ್ರ ಬರೆಸಿಕೊಳ್ಳದ ದೊಡ್ಡ ಮನುಷ್ಯನೇ ಇರಲಿಲ್ಲ. ಹತ್ತೊಂಬತ್ತರ ಹರೆಯದಲ್ಲಿ ಷಿಕಾಗೋ ರೈಲು ಹತ್ತಿ, ನಾಲ್ಕು ವರ್ಷ ಚಿತ್ರಕಲೆ ಕಲಿತು ಮರಳಿದವಳು ಮತ್ತೆ ಕದಲಲಿಲ್ಲ. ವಾರವಿಡೀ ಹೈಸ್ಕೂಲಿನಲ್ಲಿ ಪಾಠ. ಶನಿವಾರ ಬೆಳಿಗ್ಗೆ ಗಿರಣಿಯ ಹೆಂಗಸರಿಗೆ ತನ್ನ ಚಿತ್ರಶಾಲೆಯಲ್ಲೇ ಪಾಠ. ಮೂವತ್ತು ವರ್ಷಗಳಲ್ಲಿ ಅವಳು ಬರೆದ ನ್ಯಾಯಾಧೀಶರು, ಮೇಯರುಗಳು, ಗಿರಣಿಯ ಯಜಮಾನರು ಸಾಲಾಗಿ ಕೋರ್ಟ್ ಕಟ್ಟಡದ ಗೋಡೆ ಏರಿದ್ದರು.

ಶಿಷ್ಯರಿಗೆ ಅವಳು ಹೇಳುತ್ತಿದ್ದುದು ಒಂದೇ ಮಾತು: "ಕಂಡಿದ್ದನ್ನ ಬರೀರಿ. ಕಾಣದೇ ಬರೆದಿದ್ರೆ ಕೆರೆದು ಹಾಕಿ." ಹೀಗೆಂದು ಬಣ್ಣ ಕಲಸುವ ಮೊಂಡು ಚಾಕುವನ್ನು ಅವರ ಕೈಗೇ ಕೊಡುವಳು. ಅತ್ತವರಿದ್ದರು. ಕೆರೆಯದೆ ಮನೆಗೆ ಹೋದವರಿರಲಿಲ್ಲ.

ಆ ಶನಿವಾರ ಚಿತ್ರ ನಿಲ್ಲಿಸುವ ಈಸಲ್ ಮೇಲೆ ಡಾಕ್ಟರ್ ಟ್ವೀಡ್ ಅವರ ಚಿತ್ರವಿತ್ತು. ಅರ್ಧ ಊರೇ ಅವರ ಕೈಯಲ್ಲಿ ಹುಟ್ಟಿದ್ದು. ಈಗ ಅವರು ವೃತ್ತಿಯಿಂದ ನಿವೃತ್ತರಾಗುತ್ತಿದ್ದರು. ಮರುದಿನ ಚರ್ಚು ಮುಗಿದ ಮೇಲೆ ಕೋರ್ಟ್ ಕಟ್ಟಡದಲ್ಲಿ ಊರೆದುರು ಚಿತ್ರದ ತೆರೆ ಸರಿಸಬೇಕು. ಸಂಧಿವಾತದಿಂದ ಬೆರಳು ಸೆಟೆದ ಆರ್ಫಾಳಿಗೆ ಇದಕ್ಕೆ ಎರಡು ತಿಂಗಳು ಹಿಡಿದಿತ್ತು. ಇದೇ ತನ್ನ ಕೊನೆಯ ದೊಡ್ಡ ಕೆಲಸವೆಂದು ಅವಳಿಗೆ ಗೊತ್ತಿತ್ತು.

"ಮಿಸ್, ಒಂದ್ ಮಾತು ಹೇಳ್ಲಾ? ಬೈಬಾರ್ದು," ಎಂದಳು ಗಿರಣಿಯಲ್ಲಿ ಚಿಂದಿ ಆರಿಸುವ ಲೀನಾ.

"ಬೈಯೋದು ಬಿಡೋದು ಕೇಳಿದ್ಮೇಲೆ."

"ಮದುವೆ ಲೈಸೆನ್ಸಿಗೆ ಅಂತ ಕೋರ್ಟಲ್ಲಿ ಸಾಲು ನಿಂತಿದ್ದೆ. ಹೊತ್ತು ಹೋಗ್ದೆ ಗೋಡೆ ನೋಡ್ತಿದ್ದೆ. ಅಲ್ಲಿರೋರಿಗೆಲ್ಲ ಒಂದೇ ಬಾಯಿ, ಮಿಸ್. ಈಗ ಡಾಕ್ಟ್ರಿಗೂ ಅದೇ ಬಂದಿದೆ."

"ಅಯ್ಯೋ, ಮದುವೆಗೆ ಮುಂಚೆನೇ ಗಂಡಸ್ರ ಬಾಯಿ ಎಣಿಸ್ತಿದ್ದಾಳೆ!" ಎಂದು ಶಿಷ್ಯೆಯರಲ್ಲಿ ಹಿರಿಯಳಾದ ಬರ್ಟಾ ಎಲ್ಲರನ್ನೂ ನಗಿಸಿದಳು.

ಆರ್ಫಾ ನಗಲಿಲ್ಲ. ಚಿತ್ರಕ್ಕೆ ಬೆನ್ನು ಮಾಡಿ, ಕೈಗನ್ನಡಿ ಎತ್ತಿ, ಭುಜದ ಮೇಲಿಂದ ಚಿತ್ರದ ಪ್ರತಿಬಿಂಬ ನೋಡಿದಳು; ತಿರುಗುಮುರುಗಾದರೆ ತಪ್ಪು ಕಣ್ಣಿಗೆ ಬೀಳುತ್ತದೆ. ಬಿಗಿದ, ಗಂಭೀರ ಬಾಯಿ. ಷಿಕಾಗೋದಲ್ಲಿ ಗುರುಗಳು ಕಲಿಸಿದ್ದು. ಮೂವತ್ತು ವರ್ಷ ಅವಳ ಬೆರಳುಗಳೇ ಅದನ್ನು ಬರೆದಿದ್ದವು, ಕಣ್ಣನ್ನು ಕೇಳಿರಲಿಲ್ಲ.

ಹಾಗೇ ಬಿಟ್ಟರೆ ನಾಳೆ ಯಾರೂ ತಪ್ಪು ಗುರುತಿಸರು. ಕೆರೆದರೆ, ಈ ಬೆರಳುಗಳಿಂದ ಸಂಜೆಯೊಳಗೆ ಇನ್ನೊಂದು ಬಾಯಿ ಬಂದೀತೇ? ಹೆಂಗಸರು ಕುಂಚ ತೊಳೆಯುತ್ತಿದ್ದರು. ಚಾಕು ಮೇಜಿನ ಮೇಲಿತ್ತು.

ಅವಳು ಕೆರೆದಳು. ಎರಡು ತಿಂಗಳ ಬಾಯಿ ಚಾಕುವಿನ ಅಂಚಿಗೆ ಹಸಿ ಮಣ್ಣಿನಂತೆ ಮುದುಡಿ ಬಂತು.

ಫೋನು ಮಾಡಿದ್ದಕ್ಕೆ ಡಾಕ್ಟರು ಗೊಣಗುತ್ತ ಬಂದರು. "ನಾಳೆಗೆ ಚಿತ್ರ, ಇವತ್ತು ಬಾಯಿಲ್ಲ ಅಂದ್ರೆ ಏನಮ್ಮಾ ಆರ್ಫಾ?"

"ಕೂತ್ಕೊಳ್ಳಿ ಡಾಕ್ಟ್ರೇ. ಮಾತಾಡ್ತಾ ಇರಿ."

ಎದುರು ಕೂತವರನ್ನು ಅವಳು ಮಾತಾಡಲು ಬಿಟ್ಟದ್ದು ಅದೇ ಮೊದಲು. ಡಾಕ್ಟರು ಹಿಮದಲ್ಲಿ ಜಾರುಬಂಡಿ ಮಗುಚಿದ ಕತೆ ತೆಗೆದರು. ಸುಳ್ಳು ಸೇರಿಸುವ ಮುನ್ನ ಅವರ ಬಾಯಿಯ ಎಡತುದಿ ತುಸು ಮೇಲೇಳುತ್ತಿತ್ತು. ನಲವತ್ತು ವರ್ಷದ ಪರಿಚಯ. ಅವಳು ಅದನ್ನು ಕಂಡದ್ದು ಇಂದು. ಬೆರಳು ಸೆಟೆದಾಗ ಬಿಸಿನೀರಲ್ಲಿ ಅದ್ದಿ ಬರುವಳು, ಮತ್ತೆ ಕುಂಚ ಹಿಡಿಯುವಳು. ಕಿಟಕಿಯ ಬೆಳಕು ಆರುವ ಹೊತ್ತಿಗೆ ಅವಳು ಕುಂಚ ಕೆಳಗಿಟ್ಟಳು.

ಭಾನುವಾರ ಬಣ್ಣ ಇನ್ನೂ ಹಸಿ. ತೆರೆಯ ಬಟ್ಟೆ ಚಿತ್ರಕ್ಕೆ ತಾಗದಂತೆ ಲೀನಾ, ಬರ್ಟಾ ಅದನ್ನು ಆಚೀಚೆ ಹಿಡಿದು ನಿಂತಿದ್ದರು. ಬಟ್ಟೆ ಇಳಿದಾಗ ಸಭೆಯೆಲ್ಲ ಮುಂದಕ್ಕೆ ಬಾಗಿತು. ಶ್ರೀಮತಿ ಟ್ವೀಡ್ ಹತ್ತಿರ ಹೋಗಿ ನೋಡಿದರು.

"ಇದೇ!" ಎಂದು ಕೂಗಿದರು. "ನಲವತ್ತು ವರ್ಷ 'ಒಂದೇ ತುಂಡು ಆಪಲ್ ಪೈ ತಿಂದೆ ಕಣೇ' ಅಂತ ನಂಗೆ ಹೇಳಿದ್ದು ಇದೇ ಬಾಯಿ!"

ಕಟ್ಟಡವೇ ನಕ್ಕಿತು. ಆರ್ಫಾ ಮಾತ್ರ ಗೋಡೆಯ ಬಿಗಿದ ಬಾಯಿಗಳನ್ನು ನೋಡುತ್ತಿದ್ದಳು.

"ಪಾಪ, ಇವರ‍್ಯಾರನ್ನೂ ನಾನು ಮಾತಾಡೋಕೆ ಬಿಡ್ಲಿಲ್ಲ ಲೀನಾ."

ಲೀನಾಳ ಮದುವೆಗೆ ಆರ್ಫಾ ಕೊಟ್ಟ ಉಡುಗೊರೆ ಆ ಮೊಂಡು ಚಾಕು.

"ಗಂಡನ ಮೇಲೆ ಎತ್ತಬೇಡ ಕಣೇ," ಎಂದಳು ಬರ್ಟಾ.